ಕಣ್ಣಿಗೆ ತಿಂಗಳ ಇಂಜೆಕ್ಷನ್ ಬಿಟ್ಟು ಸ್ಟೀರಾಯ್ಡ್ ಇಂಪ್ಲಾಂಟ್: ವರ್ಷದ ಮೇಲಿನ ಅನುಭವ

ಮೊದಲೇ ಹೇಳಿಬಿಡುತ್ತೇನೆ, ನನಗೆ ಇದರಿಂದ ಒಳ್ಳೆಯದೇ ಆಗಿದೆ. ಆದರೆ "ಒಂದು ಹಾಕಿಸಿದರೆ ಆರು ತಿಂಗಳು ಈ ಕಡೆ ಬರಬೇಕಾಗಿಲ್ಲ" ಎಂದು ಯಾರಾದರೂ ಹೇಳಿದರೆ ನಂಬಿ ಕೂರಬೇಡಿ. ನನಗೆ ಹಾಗೆ ಹೇಳಿದ್ದರು. ಆ ಸಿಟ್ಟು ಇನ್ನೂ ಇಳಿದಿಲ್ಲ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ನಮ್ಮ ಮನೆ ಉಡುಪಿ ಹತ್ತಿರದ ಶಂಕರಪುರದ ಕಡೆ. ಮಲ್ಲಿಗೆ ಬೆಳೆಯುತ್ತೇವೆ. ಬೆಳಿಗ್ಗೆ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಹೂವು ಮಾರುವ ಕಟ್ಟೆಗೆ ಕಳಿಸುವುದು ನನ್ನ ಕೆಲಸ. 800 ಮೊಗ್ಗಿಗೆ ಒಂದು ಚೆಂಡು, 4 ಚೆಂಡಿಗೆ ಒಂದು ಅಟ್ಟೆ. ಕಟ್ಟುವುದು ಕೈಗೆ ಅಭ್ಯಾಸ, ಕಣ್ಣು ಮುಚ್ಚಿಯೂ ಕಟ್ಟಬಹುದು. ಆದರೆ ಹುಳ ತಿಂದದ್ದು, ಅರ್ಧ ಅರಳಿದ್ದು, ತೊಟ್ಟು ಕೆಂಪಾದದ್ದು ಎಲ್ಲ ಆರಿಸಿ ತೆಗೆಯಬೇಕಲ್ವಾ? ಅದಕ್ಕೆ ಕಣ್ಣೇ ಬೇಕು.

ಶುಗರ್ ಬಂದು ಬಹಳ ವರ್ಷವಾಯಿತು. ಅದರಿಂದ ಬಲಗಣ್ಣಿನ ರೆಟಿನಾದ (ಕಣ್ಣಿನ ಹಿಂಭಾಗದ ಪರದೆ) ನಡುಭಾಗದಲ್ಲಿ ನೀರು ತುಂಬಿ ಊದಿಕೊಂಡಿತು. ನೇರ ನೋಡಿದ ಜಾಗವೇ ಮಬ್ಬು. ಕಿಟಕಿಯ ಸರಳುಗಳು ಮಧ್ಯದಲ್ಲಿ ಸೊಟ್ಟಗೆ ಕಾಣುತ್ತಿದ್ದವು. ಮೊದಲು ಬೆವಾಸಿಜುಮ್ಯಾಬ್ ಇಂಜೆಕ್ಷನ್ ಶುರುವಾಯಿತು. ಅದು ಕರುಳಿನ ಕ್ಯಾನ್ಸರ್‌ಗೆಂದು ಬಂದ ಔಷಧ. ಒಂದು ಬಾಟಲಿಯನ್ನು ಸಣ್ಣ ಸಣ್ಣ ಪಾಲು ಮಾಡಿ ಹಲವರ ಕಣ್ಣಿಗೆ ಕೊಡುವುದರಿಂದ ಕಡಿಮೆ ಖರ್ಚು. ನನಗೆ ಎಟಕುವಂಥದ್ದು ಅದೇ ಆಗಿತ್ತು.

ಪ್ರತಿ ತಿಂಗಳು ಅದೇ ಕಥೆ. ಕಟಪಾಡಿಗೆ ಬಂದು ಮಂಗಳೂರು ಬಸ್ ಹತ್ತುವುದು. ಕಣ್ಣಿನ ಪಾಪೆ ಅಗಲವಾಗಲು ಡ್ರಾಪ್ಸ್ ಹಾಕಿಸಿಕೊಂಡು ಬೆಂಚಿನಲ್ಲಿ ಕಾಯುವುದು. ಸ್ಕ್ಯಾನ್, ಮತ್ತೆ ಕಾಯುವುದು. ಇಂಜೆಕ್ಷನ್ ಕ್ಷಣದಲ್ಲಿ ಮುಗಿಯುತ್ತದೆ, ಅದು ದೊಡ್ಡದಲ್ಲ. ಆದರೆ ಇಡೀ ದಿನ ಹೋಯಿತು. ಜೊತೆಗೆ ಬರುವವರ ದಿನವೂ ಹೋಯಿತು. ನಾಗರಪಂಚಮಿ, ಚೌತಿ ಹತ್ತಿರ ಬಂದಾಗ ಹೂವಿಗೆ ರೇಟು ಏರುತ್ತದೆ. ಅದೇ ವಾರ ತಾರೀಕು ಬಿದ್ದರೆ ಹೊಟ್ಟೆ ಉರಿಯುತ್ತದೆ. ಅಷ್ಟೆಲ್ಲ ಮಾಡಿಯೂ ನೀರು ಇಳಿಯುವುದು, ಮತ್ತೆ ತುಂಬುವುದು. ಪೂರ್ತಿ ಒಣಗಲೇ ಇಲ್ಲ.

ಆಗ ಡಾಕ್ಟರು ಡೆಕ್ಸಾಮೆಥಸೋನ್ ಇಂಪ್ಲಾಂಟ್ ಎಂದರು. 0.7 ಮಿಲಿಗ್ರಾಂ ಸ್ಟೀರಾಯ್ಡ್ ಇರುವ ಕಡ್ಡಿ. ಉದ್ದ ಸುಮಾರು 6 ಮಿಲಿಮೀಟರ್, ಜೀರಿಗೆಗಿಂತ ಎಷ್ಟೋ ತೆಳು. ಕಣ್ಣೊಳಗೇ ಕರಗುತ್ತದೆ, ತೆಗೆಸಬೇಕಾಗಿಲ್ಲ. ಸ್ಟೀರಾಯ್ಡ್ ಎಂದ ಕೂಡಲೇ ನನಗೆ ಶುಗರ್ ಚಿಂತೆ. ಮೊದಲೊಮ್ಮೆ ಉಬ್ಬಸಕ್ಕೆ ಮಾತ್ರೆ ತಗೊಂಡಾಗ ಶುಗರ್ ಸಿಕ್ಕಾಪಟ್ಟೆ ಏರಿತ್ತು. ಇದು ಕಣ್ಣೊಳಗೇ ಕೆಲಸ ಮಾಡುತ್ತದೆ, ರಕ್ತಕ್ಕೆ ಸೇರುವುದು ತೀರಾ ಕಡಿಮೆ ಎಂದರು. ಮನೆಯ ಮೆಷಿನ್‌ನಲ್ಲಿ ನೋಡುತ್ತಲೇ ಇದ್ದೆ. ನನ್ನ ಶುಗರ್ ಏರಲಿಲ್ಲ.

ಹಾಕುವಾಗ ಏನಾಗುತ್ತದೆ ಎಂದು ತುಂಬಾ ಜನ ಕೇಳುತ್ತಾರೆ. ಮರಗಟ್ಟುವ ಡ್ರಾಪ್ಸ್, ಕಂದು ಬಣ್ಣದ ಅಯೋಡಿನ್, ರೆಪ್ಪೆ ಮುಚ್ಚದಂತೆ ಕ್ಲಿಪ್, ಎಲ್ಲ ಮೊದಲಿನ ಹಾಗೆಯೇ. ಸೂಜಿ ಮಾತ್ರ ದಪ್ಪ. ಒತ್ತಿದ್ದು ಗೊತ್ತಾಗುತ್ತದೆ, ಆಮೇಲೆ 'ಟಕ್' ಎಂಬ ಶಬ್ದ. ಆ ಶಬ್ದದ ಬಗ್ಗೆ ಮೊದಲೇ ಹೇಳಿದ್ದರೆ ಅಷ್ಟು ಬೆಚ್ಚಿಬೀಳುತ್ತಿರಲಿಲ್ಲ. ಬಿಳಿ ಭಾಗದಲ್ಲಿ ರಕ್ತ ಹರಡಿ ಕೆಲವು ದಿನ ಕೆಂಪಾಗಿತ್ತು. ನೋಟದ ಮೇಲ್ಭಾಗದಲ್ಲಿ ಒಂದು ಕಪ್ಪು ಕಡ್ಡಿ ತೇಲುತ್ತಿತ್ತು. ನಿಜವಾಗಿ ಕಡ್ಡಿ ಇರುವುದು ಕಣ್ಣಿನ ಕೆಳಭಾಗದಲ್ಲಿ. ರೆಟಿನಾದ ಮೇಲೆ ಎಲ್ಲವೂ ತಲೆಕೆಳಗಾಗಿ ಬೀಳುವುದರಿಂದ ನಮಗೆ ಮೇಲೆ ಕಾಣುತ್ತದೆ. ಅಂಗಳದ ಬಿಸಿಲಿಗೆ ಬಂದರೆ ಜಾಸ್ತಿ ಎದ್ದು ಕಾಣುತ್ತಿತ್ತು. ಕ್ರಮೇಣ ಹೋಯಿತು.

ಆಮೇಲಿನ ವಾರಗಳು ನಿಜಕ್ಕೂ ಹಬ್ಬ. ಸರಳು ನೆಟ್ಟಗಾಯಿತು. ಚೌಕುಳಿ ಗೆರೆಯ ಚಾರ್ಟ್ ಒಂದನ್ನು ಫ್ರಿಡ್ಜ್‌ಗೆ ಅಂಟಿಸಿದ್ದೇನೆ. ಕಾಫಿಗೆ ಹಾಲು ತೆಗೆಯುವಾಗ ಎಡಗಣ್ಣು ಮುಚ್ಚಿ, ಕನ್ನಡಕ ಹಾಕಿ, ನಡುವಿನ ಚುಕ್ಕಿಯನ್ನೇ ನೋಡುತ್ತೇನೆ. ಗೆರೆಗಳು ಅಲೆಅಲೆಯಾಗದೆ ನಿಂತಿದ್ದವು. ತೊಟ್ಟು ಕೆಂಪಾದ ಮೊಗ್ಗನ್ನು ಬಲಗಣ್ಣಿನಿಂದಲೇ ಗುರುತಿಸಿದ ದಿನ ಮನೆಯವರನ್ನೆಲ್ಲ ಕರೆದು ತೋರಿಸಿದೆ.

ಇಲ್ಲಿಂದ ಮುಂದಿನದು ಕಹಿ. ಡಿಸ್ಚಾರ್ಜ್ ಚೀಟಿಯಲ್ಲಿ ಮುಂದಿನ ತಾರೀಕು ಆರು ತಿಂಗಳ ನಂತರದ್ದು ಬರೆದು ಕೊಟ್ಟಿದ್ದರು. ಕೌಂಟರಿನವರೂ ಅದನ್ನೇ ಹೇಳಿದರು. ಎರಡನೇ ತಿಂಗಳಲ್ಲಿ ಓದುವ ಕನ್ನಡಕ ಬದಲಿಸಲು ಉಡುಪಿಯಲ್ಲಿ ಬೇರೆ ಕಡೆ ಹೋದೆ. ಅವರು ಗಾಳಿ ಊದುವ ಮೆಷಿನ್‌ನಲ್ಲಿ ಕಣ್ಣಿನ ಒತ್ತಡ ನೋಡಿ ಗಾಬರಿಯಾದರು. 30 ದಾಟಿತ್ತು. ಸಾಮಾನ್ಯವಾಗಿ 10ರಿಂದ 21ರ ಒಳಗೆ ಇರಬೇಕು. ನನಗೆ ನೋವಿಲ್ಲ, ಕೆಂಪಿಲ್ಲ, ಏನೂ ಗೊತ್ತೇ ಆಗಿರಲಿಲ್ಲ. ಹಾಗೇ ಬಿಟ್ಟಿದ್ದರೆ ಕಣ್ಣಿನ ನರಕ್ಕೆ ಪೆಟ್ಟು, ಹೋದ ದೃಷ್ಟಿ ವಾಪಸ್ ಬರುವುದಿಲ್ಲ.

ಇದು ನನಗೊಬ್ಬಳಿಗೆ ಆದದ್ದೂ ಅಲ್ಲ. ಶುಗರ್‌ನವರ ಮೇಲೆ ಮೂರು ವರ್ಷ ನಡೆದ ದೊಡ್ಡ ಪರೀಕ್ಷೆಯಲ್ಲಿ ಈ ಇಂಪ್ಲಾಂಟ್ ಹಾಕಿಸಿಕೊಂಡ 100 ಜನರಲ್ಲಿ ಸುಮಾರು 40 ಮಂದಿಗೆ ಒತ್ತಡ ಇಳಿಸುವ ಔಷಧ ಬೇಕಾಗಿತ್ತು. ಆಪರೇಷನ್‌ವರೆಗೆ ಹೋದವರು ತೀರಾ ಕಡಿಮೆ. ಒತ್ತಡ ಜಾಸ್ತಿ ಏರುವುದು ಹೆಚ್ಚಾಗಿ ಎರಡನೇ ತಿಂಗಳ ಹೊತ್ತಿಗೇ. ಇಷ್ಟು ಗೊತ್ತಿರುವ ವಿಷಯವನ್ನು ರೋಗಿಯ ಚೀಟಿಯಲ್ಲಿ ಒಂದು ಸಾಲು ಬರೆಯಲು ಏನು ಕಷ್ಟ?

ಡ್ರಾಪ್ಸ್ ದಿನಾ ಬೆಳಿಗ್ಗೆ, ರಾತ್ರಿ. ಟಿಮೊಲಾಲ್ ಇರುವ ಡ್ರಾಪ್ಸ್ ಕೊಡಲು ಹೊರಟಾಗ ಉಬ್ಬಸ ಇದೆ ಎಂದೆ, ಬೇರೆ ಬರೆದರು. ನೀವೂ ಮರೆಯದೆ ಹೇಳಿ. ನನಗೆ ಕೊಟ್ಟದ್ದು ಡಾರ್ಜೊಲಮೈಡ್. ಉರಿಯುತ್ತದೆ, ಮತ್ತೆ ಗಂಟಲಲ್ಲಿ ಕಹಿ. ಹಾಕಿದ ಮೇಲೆ ಕಣ್ಣು ಮುಚ್ಚಿ, ಮೂಗಿನ ಪಕ್ಕದ ಮೂಲೆಯನ್ನು ಬೆರಳಿನಿಂದ ಎರಡು ನಿಮಿಷ ಒತ್ತಿ ಹಿಡಿದರೆ ಕಹಿ ಕಡಿಮೆ. ಆ ಎರಡು ನಿಮಿಷಕ್ಕೆ ರೇಡಿಯೊ ಹಾಕಿಕೊಳ್ಳುತ್ತೇನೆ. ಒತ್ತಡ ಇಳಿಯಿತು, ಈಗ ಡ್ರಾಪ್ಸ್ ಇಲ್ಲ.

ಆರು ತಿಂಗಳೂ ಬರಲಿಲ್ಲ. ನಾಲ್ಕನೇ ತಿಂಗಳು ಮುಗಿಯುವಾಗ ಫ್ರಿಡ್ಜ್ ಮೇಲಿನ ಗೆರೆ ಮತ್ತೆ ಬಾಗಿತು. ಆಸ್ಪತ್ರೆ ಬದಲಿಸಿದೆ. ಹೊಸ ಡಾಕ್ಟರು ಸ್ಕ್ಯಾನ್ ತೋರಿಸಿ ತಾಳ್ಮೆಯಿಂದ ವಿವರಿಸಿದರು. ಔಷಧ ಮೊದಲ ಎರಡು ತಿಂಗಳು ಜೋರಾಗಿ ಬರುತ್ತದೆ, ಆಮೇಲೆ ಸ್ವಲ್ಪ ಸ್ವಲ್ಪವೇ. ಪೂರ್ತಿ ಮುಗಿಯಲು ಆರು ತಿಂಗಳು ಹಿಡಿಯಬಹುದು, ಆದರೆ ಊತ ತಡೆಯುವ ಶಕ್ತಿ ಹಲವರಲ್ಲಿ ಮೂರು ನಾಲ್ಕು ತಿಂಗಳಿಗೇ ಕುಗ್ಗುತ್ತದೆ. ಇಷ್ಟು ಕೇಳಿದ ಮೇಲೆ ಇಂಪ್ಲಾಂಟ್ ಮೇಲಿನ ನನ್ನ ಕೋಪ ಹೋಯಿತು. ಮಾತಾಡದೆ ಕಳಿಸಿದವರ ಮೇಲಿನದ್ದು ಉಳಿದಿದೆ.

ಮತ್ತೆ ಅದನ್ನೇ ಹಾಕಿಸಿದ್ದೇನೆ. ಒಂದರ ಬೆಲೆ ನನ್ನ ಹಳೆ ಇಂಜೆಕ್ಷನ್‌ನ ಎಷ್ಟೋ ಪಟ್ಟು. ಆದರೆ ಬಸ್ಸು, ಸ್ಕ್ಯಾನ್, ಹೋದ ದಿನಗಳ ಹೂವು ಎಲ್ಲ ಸೇರಿಸಿದರೆ ನಮ್ಮ ಮನೆಗೆ ಇದೇ ಸರಿಹೋಗುತ್ತದೆ. ಮನೆ ಪಕ್ಕದಲ್ಲೇ ಆಸ್ಪತ್ರೆ ಇದ್ದು, ಇಂಜೆಕ್ಷನ್‌ನಿಂದಲೇ ಊತ ಇಳಿಯುತ್ತಿರುವವರು ಸುಮ್ನೆ ಇದಕ್ಕೆ ಬರಬೇಕಾಗಿಲ್ಲ. ಗ್ಲಾಕೋಮಾ (ಕಣ್ಣಿನ ನರ ಹಾಳಾಗುವ ಕಾಯಿಲೆ) ಜಾಸ್ತಿಯಾಗಿರುವವರಿಗೆ, ಕಣ್ಣಲ್ಲಿ ಸೋಂಕು ಇರುವವರಿಗೆ ಇದನ್ನು ಹಾಕುವುದಿಲ್ಲ. ನನಗೆ ಪೊರೆ ಆಪರೇಷನ್ ಮೊದಲೇ ಆಗಿದೆ. ಆಗದವರಿಗೆ ಸ್ಟೀರಾಯ್ಡ್‌ನಿಂದ ಪೊರೆ ಬೇಗ ಬರುವ ಸಾಧ್ಯತೆ ಜಾಸ್ತಿ, ಆ ಖರ್ಚನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಿ.

ಈ ಸಲ ಒತ್ತಡ ನೋಡುವ ತಾರೀಕುಗಳನ್ನು ಮೊದಲೇ ಬರೆಸಿಕೊಂಡೆ. ಅದಕ್ಕೆ ಮಂಗಳೂರಿಗೆ ಹೋಗಬೇಕಾಗಿಲ್ಲ, ಉಡುಪಿಯಲ್ಲೇ ತೋರಿಸಿ ನಂಬರನ್ನು ಫೋನಿನಲ್ಲಿ ಡಾಕ್ಟರಿಗೆ ಕಳಿಸುತ್ತೇನೆ. ಮುಂದಿನ ಇಂಪ್ಲಾಂಟ್ ನವರಾತ್ರಿ ಆಸುಪಾಸಿನಲ್ಲಿ ಬೇಕಾದೀತು ಎಂದಿದ್ದಾರೆ. ಹೂವಿನ ಗಡಿಬಿಡಿ ಶುರುವಾಗುವ ಮೊದಲೇ ಸ್ಕ್ಯಾನ್ ಮಾಡಿಸೋಣ ಎಂದು ಕೇಳಿದ್ದಕ್ಕೆ ಅವರೂ ಒಪ್ಪಿದ್ದಾರೆ.