ಎ4 ರೀಮ್, ಒಂದು ಬಾಲ್ ಪೆನ್: ದಿನಾ ಸ್ಕೆಚ್ ಮಾಡುವವರಿಗೆ ಇಷ್ಟು ಸಾಕು

ಇಂಡಸ್ಟ್ರಿಯಲ್ ಡಿಸೈನ್ ಓದುತ್ತಿರುವವರು, ಡಿಸೈನ್ ಪದವಿಯ ಪ್ರವೇಶ ಪರೀಕ್ಷೆ ಯುಸೀಡ್‌ಗೆ ತಯಾರಿ ನಡೆಸುತ್ತಿರುವವರು ಯಾವ ಸ್ಕೆಚ್‌ಬುಕ್ ತಗೊಳ್ಳಲಿ ಅಂತ ಕೇಳುತ್ತಲೇ ಇರುತ್ತಾರೆ. ಝೆರಾಕ್ಸ್ ಅಂಗಡಿಯಲ್ಲಿ ಸಿಗುವ 75 ಜಿಎಸ್‌ಎಂ (ಚದರ ಮೀಟರ್ ಹಾಳೆಗೆ 75 ಗ್ರಾಂ ತೂಕ) ಎ4 ರೀಮ್ ತಗೊಳ್ಳಿ. ಜೊತೆಗೆ ಒಂದು ರೆನಾಲ್ಡ್ಸ್ 045 ಪೆನ್, ಪರೀಕ್ಷೆಗೆ ಒಯ್ಯುವ ಕ್ಲಿಪ್ ಇರುವ ಪ್ಯಾಡ್. ರಜೆಗೆ ಕೊಡಗಿನ ವಿರಾಜಪೇಟೆಯ ಮನೆಗೆ ಬಂದಾಗಲೆಲ್ಲ ನನ್ನ ಅಭ್ಯಾಸ ನಡೆಯುವುದು ಇದರಲ್ಲೇ, ಅದೂ ಮಳೆಗಾಲದಲ್ಲಿ.

ರೀಮ್‌ನಲ್ಲಿ 500 ಹಾಳೆ. ನಮ್ಮ ಕಡೆ 300 ರೂಪಾಯಿ ಆಸುಪಾಸು, ಹಾಳೆಗೆ 60 ಪೈಸೆ ಬಿತ್ತು. ದಪ್ಪ ಹಾಳೆಯ ದುಬಾರಿ ಸ್ಕೆಚ್‌ಬುಕ್ ಎದುರಿಗಿದ್ದರೆ ಪ್ರತಿ ಪುಟವೂ ಚೆನ್ನಾಗಿಯೇ ಬರಬೇಕು ಅನ್ನುವ ಹೆದರಿಕೆ ಹುಟ್ಟುತ್ತದೆ, ಆಮೇಲೆ ಇವತ್ತು ಬೇಡ ನಾಳೆ ಅಂತ ಶುರುವಾಗುತ್ತದೆ. ಅರವತ್ತು ಪೈಸೆಯ ಹಾಳೆಗೆ ಯಾರು ಹೆದರುತ್ತಾರೆ ಹೇಳಿ? ದಿನಾ ಕೂರುವ ರೂಢಿ ಬರುವುದು ಅಲ್ಲಿಂದಲೇ. ರಾತ್ರಿ ಮಲಗುವ ಮುಂಚೆ ಎರಡು ಹಾಳೆ ಕ್ಲಿಪ್‌ಗೆ ಸಿಕ್ಕಿಸಿ, ಪೆನ್ ಮೇಲಿಟ್ಟು ಬಿಡುತ್ತೇನೆ. ಬೆಳಿಗ್ಗೆ ಕಾಫಿ ಲೋಟದ ಜೊತೆ ಕೂತರೆ ಹುಡುಕುವ ಕೆಲಸವೇ ಇಲ್ಲ. ಮೊದಲ ಹಾಳೆ ಬರೀ ಗೆರೆ, ಎಲಿಪ್ಸ್ (ಓರೆಯಾಗಿ ನೋಡಿದಾಗ ಚಪ್ಪಟೆ ಕಾಣುವ ವೃತ್ತ), ಡಬ್ಬಗಳಿಗೆ. ಎರಡನೆಯದು ಮನೆಯ ಯಾವುದಾದರೂ ಒಂದು ವಸ್ತುವಿಗೆ.

ನೂಪುಟ್ಟು, ಅಂದರೆ ಅಕ್ಕಿ ಶಾವಿಗೆ, ಒತ್ತುವ ಕೊಳವೆಯಂಥ ಒರಳು ಇದಕ್ಕೆ ಹೇಳಿ ಮಾಡಿಸಿದಂತಿದೆ. ಮೇಜಿನ ಮೇಲಿಟ್ಟು ಮೇಲಿನಿಂದ ನೋಡಿದರೆ ಬಾಯಿಯ ಎಲಿಪ್ಸ್ ಚಪ್ಪಟೆ, ತಳದ್ದು ಸ್ವಲ್ಪ ಜಾಸ್ತಿ ದುಂಡಗೆ ಕಾಣಬೇಕು, ಯಾಕೆಂದರೆ ತಳ ಕಣ್ಣಿನ ಮಟ್ಟದಿಂದ ಇನ್ನೂ ಕೆಳಗಿರುತ್ತದೆ. ಎರಡೂ ಎಲಿಪ್ಸ್‌ಗಳ ಚಿಕ್ಕ ಅಕ್ಷ (ನಡುವೆ ಹಾದುಹೋಗುವ ಗಿಡ್ಡ ಗೆರೆ) ಕೊಳವೆಯ ನಡುಗೆರೆಯ ಮೇಲೇ ಬರಬೇಕು. ಬಾಲ್ ಪೆನ್ ಇಲ್ಲಿ ತುಂಬಾ ಸಹಾಯ ಮಾಡುತ್ತದೆ. ಕೈ ಹಗುರ ಬಿಟ್ಟರೆ ಪೆನ್ಸಿಲಿನಷ್ಟೇ ತೆಳು ಗೆರೆ ಬರುತ್ತದೆ, ಒತ್ತಿದರೆ ಗಾಢ. ಅಳಿಸಲು ಆಗುವುದಿಲ್ಲ, ಹಾಗಾಗಿ ಗೆರೆ ಎಳೆಯುವ ಮುಂಚೆ ಕೈ ಗಾಳಿಯಲ್ಲೇ ಒಂದೆರಡು ಸಲ ತಿರುಗಿಸಿ ನೋಡುವುದು ತಾನಾಗಿ ಅಭ್ಯಾಸವಾಗುತ್ತದೆ. ತುದಿಯಲ್ಲಿ ಇಂಕಿನ ಗಂಟು ಕಟ್ಟುತ್ತದೆ, ಪಕ್ಕದಲ್ಲಿ ಹಳೇ ಪೇಪರ್ ಚೂರು ಇಟ್ಟುಕೊಂಡು ಒರೆಸುತ್ತಿರಿ.

ನನಗೆ ಅತ್ಯಂತ ಇಷ್ಟವಾದದ್ದು ಈ ಹಾಳೆ ತೆಳು ಇರುವುದು! ಒರಳಿನ ಹಿಡಿ ಸೊಟ್ಟ ಬಂತಾ, ಮೇಲೆ ಹೊಸ ಹಾಳೆ ಇಟ್ಟು ಸರಿ ಇದ್ದ ಗೆರೆಗಳನ್ನು ಮಾತ್ರ ತೆಗೆದುಕೊಂಡು ಹಿಡಿಯನ್ನು ಬೇರೆ ತರಹ ಎಳೆಯಿರಿ. ಕಾಣದಿದ್ದರೆ ಕಿಟಕಿ ಗಾಜಿಗೆ ಹಿಡಿಯಿರಿ. ಹೊಲಿದ ಪುಸ್ತಕದಲ್ಲಿ ಇದು ಎಲ್ಲಿ ಆಗುತ್ತದೆ? ಕರೆಂಟ್ ಹೋದರೂ ಅಭ್ಯಾಸ ನಿಲ್ಲುವುದಿಲ್ಲ, ಜುಲೈನಲ್ಲಿ ನಮ್ಮ ಕಡೆ ಟ್ಯಾಬ್ಲೆಟ್ ನಂಬಿ ಕೂರುವ ಹಾಗಿಲ್ಲ ಅಲ್ವಾ.

ಕೊರತೆಗಳೂ ಇವೆ. ಆಲ್ಕೋಹಾಲ್ ಮಾರ್ಕರ್ ಹಾಕಿದರೆ ಹಿಂದಕ್ಕೆ ಇಳಿದು ಹರಡುತ್ತದೆ, ಅದಕ್ಕೆ ಮಾರ್ಕರ್ ಪ್ಯಾಡ್ ಬೇರೆಯೇ ಬೇಕು. ಒತ್ತಿ ಎಳೆದ ಗೆರೆ ಹಿಂಬದಿಯಲ್ಲಿ ಉಬ್ಬುತ್ತದೆ, ಒಂದೇ ಬದಿ ಬಳಸಿ.

ತೇವ ಇದರ ದೊಡ್ಡ ಶತ್ರು. ಬಿಡಿ ಹಾಳೆ ಹೊರಗಿಟ್ಟರೆ ಅಂಚು ಅಲೆ ಅಲೆಯಾಗುತ್ತದೆ, ಮೆತ್ತಗಾದ ಹಾಳೆಯ ಮೇಲೆ ಪೆನ್ ಜಾರುವುದಿಲ್ಲ. ರೀಮ್‌ನ ಹೊದಿಕೆಗೆ ತೇವ ತಡೆಯುವ ಲೇಪ ಇರುತ್ತದೆ. ಪೂರ್ತಿ ಹರಿಯದೆ ಒಂದು ಬದಿ ಮಾತ್ರ ಬಿಚ್ಚಿ, ಬೇಕಾದಷ್ಟು ತೆಗೆದು, ಹೊದಿಕೆಯ ಬಾಯಿ ಮಡಚಿ, ಮುಚ್ಚಳದ ಡಬ್ಬಿಯಲ್ಲಿಡಿ. ಮಳೆಗಾಲದಲ್ಲಿ ಕೊಳ್ಳುವಾಗ ಅಂಗಡಿಯಲ್ಲೇ ರೀಮ್ ತಿರುಗಿಸಿ ನೋಡಿ, ಹೊದಿಕೆ ಮೂಲೆಯಲ್ಲಿ ಹರಿದಿದ್ದರೆ ಬೇರೆ ಕೇಳಿ.