ಬಂಕಿನಲ್ಲಿ ರಾತ್ರಿ ಹಾಲ್ಟ್: ಪಕ್ಕದ ಲಾರಿಯ ಸದ್ದಿಗೆ ಯಾವುದು ಮದ್ದು?

ಹೆದ್ದಾರಿ ಬದಿಯ ಪೆಟ್ರೋಲ್ ಬಂಕಿನಲ್ಲಿ ಕ್ಯಾಂಪರ್‌ವ್ಯಾನ್ ನಿಲ್ಲಿಸಿ ಮಲಗಿದವರ ನಿದ್ದೆ ಕೆಡಿಸುವುದು ಎರಡು ಬಗೆಯ ಸದ್ದು. ಒಂದು, ಡೀಸೆಲ್ ಎಂಜಿನ್ನಿನ ಗುಂಯ್‌ಗುಡುವಿಕೆ. ಇನ್ನೊಂದು, ಮಾತು, ಹಾರ್ನ್, ಟೂರಿಸ್ಟ್ ಬಸ್ಸಿನ ಹಾಡು. ನಿಂತ ಲಾರಿಯ ಆರು ಸಿಲಿಂಡರ್ ಎಂಜಿನ್ 600 ಆರ್‌ಪಿಎಂನಲ್ಲಿ (ನಿಮಿಷಕ್ಕೆ 600 ಸುತ್ತು) ಐಡಲ್ ಆಗುತ್ತಿದ್ದರೆ ಸೆಕೆಂಡಿಗೆ 30 ಸಲ ಸಿಡಿಯುತ್ತದೆ. ಆ ಸದ್ದಿನ ಅಲೆಯ ಉದ್ದ ಸುಮಾರು 11 ಮೀಟರ್. ವ್ಯಾನಿನ ತೆಳು ತಗಡು ಅದಕ್ಕೆ ಅಡ್ಡಿಯೇ ಅಲ್ಲ. ಟ್ರಾವೆಲರ್ ಮಿನಿಬಸ್ಸಿನ ಮೇಲೆ ಕಟ್ಟಿದ ವ್ಯಾನಿನಲ್ಲಿ ನಾವು ಬಳಸಿ ನೋಡಿದ ಉಪಾಯಗಳನ್ನು ಈ ಎರಡು ಸದ್ದಿಗೂ ಒಡ್ಡಿ ಹೋಲಿಸಿದ್ದೇವೆ.

ಕಿವಿಗೆ ಹಾಕುವ ಸಾಧನಗಳಲ್ಲಿ ಗೆದ್ದದ್ದು ಅತಿ ಅಗ್ಗದ ಫೋಮ್ ಪ್ಲಗ್. ಆದರೆ ಹೆಚ್ಚಿನವರು ಅದನ್ನು ತಪ್ಪಾಗಿ ಹಾಕಿಕೊಳ್ಳುತ್ತಾರೆ. ಬೆರಳುಗಳ ನಡುವೆ ಸುಕ್ಕಿಲ್ಲದಂತೆ ಕಡ್ಡಿಯಷ್ಟು ಸಣ್ಣಗೆ ಹೊಸೆಯಬೇಕು. ಇನ್ನೊಂದು ಕೈಯನ್ನು ತಲೆಯ ಮೇಲಿಂದ ತಂದು ಕಿವಿಯನ್ನು ಮೇಲಕ್ಕೆ, ಹಿಂದಕ್ಕೆ ಎಳೆದು ಪ್ಲಗ್ ತೂರಿಸಿ, ಅದು ಉಬ್ಬುವವರೆಗೆ 30 ಸೆಕೆಂಡ್ ಒತ್ತಿ ಹಿಡಿಯಬೇಕು. ಅರ್ಧ ಒಳಗೆ, ಅರ್ಧ ಹೊರಗೆ ಉಳಿದರೆ ಮೊದಲು ನುಸುಳುವುದೇ ಎಂಜಿನ್ನಿನ ಗುಂಯ್. ಪ್ಯಾಕೆಟ್ ಮೇಲೆ ಎನ್‌ಆರ್‌ಆರ್ (ಎಷ್ಟು ಡೆಸಿಬಲ್ ಸದ್ದು ತಗ್ಗಿಸುತ್ತದೆ ಎಂಬ ಅಂಕಿ) 29 ಎಂದಿದ್ದರೂ ಅದು ಲ್ಯಾಬಿನ ಲೆಕ್ಕ. ಅರ್ಧದಷ್ಟು ಸಿಕ್ಕಿದರೂ ಸಾಕೆಂದುಕೊಳ್ಳಿ. ಬೆಳಿಗ್ಗೆ ತಿರುವುತ್ತಾ ನಿಧಾನವಾಗಿ ತೆಗೆಯಿರಿ, ಸರ್ರನೆ ಎಳೆದರೆ ಕಿವಿ ನೋಯುತ್ತದೆ. ಕೊಳೆಯಾದ, ಉಬ್ಬುವ ಗುಣ ಕಳೆದುಕೊಂಡ ಜೋಡಿಯನ್ನು ಎಸೆಯಿರಿ.

ಮೇಣದ ಉಂಡೆ ಕೊಡಗಿನ ಚಳಿಯಲ್ಲಿ ಗಟ್ಟಿ, ಕರಾವಳಿಯ ಸೆಕೆಯಲ್ಲಿ ಜಿಗುಟು, ಕೂದಲಿಗೆ ಅಂಟಿಕೊಳ್ಳುತ್ತದೆ. ಸಿಲಿಕೋನ್ ಮುದ್ದೆ ಕಿವಿಯ ಬಾಯನ್ನು ಮುಚ್ಚುತ್ತದೆಯೇ ಹೊರತು ಒಳಗೆ ಹೋಗುವುದಿಲ್ಲ, ಹಾಗಾಗಿ ಫೋಮ್‌ನಿಂದ ನೋವಾಗುವವರಿಗೆ ಹಿತ. ಕಾರ್ಖಾನೆಯಲ್ಲಿ ಬಳಸುವ ಇಯರ್‌ಮಫ್ ಮಾತಿಗೆ ಚೆನ್ನ, ಗುಂಯ್‌ಗೆ ಸುಮಾರು. ಮಗ್ಗುಲಾದ ಕೂಡಲೇ ಅಂಚು ಎದ್ದು ಸದ್ದು ಒಳಗೆ. ನಾಯ್ಸ್ ಕ್ಯಾನ್ಸಲಿಂಗ್ ಇಯರ್‌ಬಡ್ ಇದಕ್ಕೆ ತದ್ವಿರುದ್ಧ. ಒಂದೇ ಸಮನೆ ಮೊರೆಯುವ ಎಂಜಿನ್ನನ್ನು ಅದು ಅದ್ಭುತವಾಗಿ ಅಳಿಸುತ್ತದೆ, ಥಟ್ಟನೆ ಬರುವ ಹಾರ್ನಿಗೆ ಹೆಚ್ಚೇನೂ ಮಾಡದು. ಬ್ಯಾಟರಿ ನಡುರಾತ್ರಿ ಮುಗಿದರೆ ಅದರ ಬೀಪ್ ಸದ್ದೇ ಎಬ್ಬಿಸುತ್ತದೆ.

ವ್ಯಾನಿಗೆ ಮಾಡುವ ಕೆಲಸದಲ್ಲಿ ಹಣ ಪೋಲಾಗುವುದು ಕಿಟಕಿ ಪ್ಯಾನೆಲ್‌ಗಳಿಗೆ. ಬೆಳ್ಳಿ ಹಾಳೆಯ ಫೋಮ್ ಬಿಸಿಲಿಗೆ ಸರಿ, ಸದ್ದಿಗೆ ತೂಕ ಬೇಕು. 4 ಮಿ.ಮೀ. ಗಾಜು ಚದರ ಮೀಟರಿಗೆ 10 ಕೆಜಿ ತೂಗುತ್ತದೆ. ಅದಕ್ಕೆ 4 ಕೆಜಿಯ ಭಾರದ ವಿನೈಲ್ ಸೇರಿಸಿದರೂ ಲೆಕ್ಕದಲ್ಲಿ ಸಿಗುವುದು 3 ಡೆಸಿಬಲ್. ಅದಕ್ಕಿಂತ ಮೊದಲು ಸರಿಸುವ ಗಾಜುಗಳು ಸೇರುವ ಜಾಗದ ಸಂದು ನೋಡಿ. ಗಾಜು ಜಾರುವ, ಸವೆದ ಫೆಲ್ಟ್ ಚಾನೆಲ್ ಬದಲಿಸಿ, ಬಾಗಿಲಿಗೆ ಡಿ ಆಕಾರದ ರಬ್ಬರ್ ಬೀಡಿಂಗ್ ಅಂಟಿಸಿ. ನೂರರಲ್ಲಿ ಒಂದು ಪಾಲು ತೆರೆದಿದ್ದರೂ ಗೋಡೆ ಎಷ್ಟೇ ದಪ್ಪವಿರಲಿ, 20 ಡೆಸಿಬಲ್‌ಗಿಂತ ಹೆಚ್ಚು ತಡೆಯಲಾರದು. ತಗಡಿಗೆ ಅಂಟಿಸುವ ಬಿಟುಮಿನ್ ಅಥವಾ ಬ್ಯೂಟೈಲ್ ಮ್ಯಾಟ್ ಮಳೆಯ ಪಟಪಟಕ್ಕೆ ಒಳ್ಳೆಯದು, ಪಕ್ಕದವರ ಮಾತಿಗಲ್ಲ.

ಎಲ್ಲ ಮುಚ್ಚಿದರೆ ಸೆಕೆ. ಅದಕ್ಕೆ 12 ವೋಲ್ಟಿನ ಫ್ಯಾನ್ ಎರಡು ಕೆಲಸ ಮಾಡುತ್ತದೆ: ಗಾಳಿಯೂ ಸಿಗುತ್ತದೆ, ಅದರ ಸೊಂಯ್ ಸದ್ದಿನಲ್ಲಿ ಮಾತುಗಳು ಮುಳುಗುತ್ತವೆ. 1 ಆಂಪ್ ಎಳೆಯುವ ಫ್ಯಾನಿಗೆ 8 ಗಂಟೆಗೆ ಬ್ಯಾಟರಿಯಿಂದ 8 ಆಂಪ್-ಅವರ್ ಖರ್ಚು. ಚಾವಣಿಯ ಫ್ಯಾನ್ ಗಾಳಿಯನ್ನು ಹೊರಗೆಳೆಯುತ್ತಿದ್ದರೆ ಲಾರಿಯ ಕಡೆಯ ಕಿಟಕಿ ತೆರೆಯಬೇಡಿ, ಹೊಗೆ ನೇರ ಹಾಸಿಗೆಗೆ ಬರುತ್ತದೆ.

ಇಷ್ಟೆಲ್ಲವನ್ನೂ ಮೀರಿಸುವುದು ನಿಲ್ಲಿಸುವ ಜಾಗ. ಬಯಲಿನಲ್ಲಿ ದೂರ ಎರಡು ಪಟ್ಟಾದರೆ 6 ಡೆಸಿಬಲ್ ಇಳಿಯುತ್ತದೆ. 10 ಮೀಟರಿನಿಂದ 40ಕ್ಕೆ ಸರಿದರೆ 12. ಇದಕ್ಕೆ ಖರ್ಚಿಲ್ಲ, ಗುಂಯ್‌ಗೂ ಹಾರ್ನಿಗೂ ಸಮನಾಗಿ ನಾಟುತ್ತದೆ. ಅಕ್ಕಪಕ್ಕ ಗೋಡೆಗಳಿದ್ದರೆ ಸದ್ದು ಪ್ರತಿಧ್ವನಿಸುವುದರಿಂದ ಲಾಭ ಕಡಿಮೆ. ರೀಫರ್ ಲಾರಿಯನ್ನು (ಸರಕನ್ನು ತಣ್ಣಗಿಟ್ಟು ಸಾಗಿಸುವ ಲಾರಿ) ಗುರುತಿಸಲು ಕಲಿಯಿರಿ: ಕ್ಯಾಬಿನ್ನಿನ ಮೇಲೆ, ಪೆಟ್ಟಿಗೆಯ ಮುಂಭಾಗಕ್ಕೆ ಕೂಲಿಂಗ್ ಯೂನಿಟ್ ಅಂಟಿಕೊಂಡಿರುತ್ತದೆ. ನೀವು ಬಂದಾಗ ಸುಮ್ಮನಿದ್ದದ್ದು ನಡುರಾತ್ರಿ ತಾನಾಗಿ ಶುರುವಾಗುತ್ತದೆ. ಒಳಗಿನ ಸರಕು ಕೆಡುವುದರಿಂದ ಡ್ರೈವರ್ ಅದನ್ನು ಆಫ್ ಮಾಡುವಂತಿಲ್ಲ, ಕೇಳಲೂಬಾರದು. ನೀವೇ ಜಾಗ ಬಿಡಿ. ಬೇರೆ ಲಾರಿಗಳಿಗೆ ಕೇಳಬೇಕಾದ್ದು ಒಂದೇ: “ಅಣ್ಣಾ, ಎಷ್ಟೊತ್ತಿಗೆ ಹೊರಡ್ತೀರಾ?” ನಾಲ್ಕು ಗಂಟೆ ಎಂದರೆ ಅದಕ್ಕೂ ಮುಂಚೆ ಏರ್ ಬ್ರೇಕಿಗೆ ಗಾಳಿ ತುಂಬುವವರೆಗೆ ಎಂಜಿನ್ ಓಡುತ್ತಿರುತ್ತದೆ, ಅದರ ಪಕ್ಕ ಬೇಡ.

ಬಸ್ಸಿನವರ ಸ್ಪೀಕರ್ ಬೇರೆ ವಿಷಯ. 2000ದ ಶಬ್ದಮಾಲಿನ್ಯ ನಿಯಮಗಳಲ್ಲಿ ರಾತ್ರಿ ಎಂದರೆ 10ರಿಂದ ಬೆಳಿಗ್ಗೆ 6. ಹತ್ತಾಗುವ ಮೊದಲೇ ಹೋಗಿ, “ಮಕ್ಕಳು ಮಲಗಿದಾರೆ ಸಾರ್, ಸ್ವಲ್ಪ ಸೌಂಡ್ ಕಮ್ಮಿ ಮಾಡ್ತೀರಾ” ಎಂದರೆ ಸಾಮಾನ್ಯವಾಗಿ ಕೇಳುತ್ತಾರೆ. ಕೇಳದಿದ್ದರೆ ಬಂಕಿನ ವಾಚ್‌ಮನ್ ಮೂಲಕ ಹೇಳಿಸಿ, ಜಗಳಕ್ಕೆ ನಿಲ್ಲಬೇಡಿ.

ಕೊನೆಯದಾಗಿ, ಪಕ್ಕದ ಜನರೇಟರ್ ಸದ್ದಿನ ಜೊತೆ ಕಾರ್ಬನ್ ಮಾನಾಕ್ಸೈಡ್ (ಸಿಓ) ಎಂಬ ವಿಷಾನಿಲವನ್ನೂ ಬಿಡುತ್ತದೆ. ಸದ್ದು ತಡೆಯಲೆಂದು ಗ್ಯಾಸ್ ಒಲೆಯ ಬಳಿಯ ಗಾಳಿಕಿಂಡಿಗಳನ್ನು ಮುಚ್ಚಲೇಬೇಡಿ. ಸಿಓ ಅಲಾರಂ ತಲೆದಿಂಬಿನ ಹತ್ತಿರವಿರಲಿ. ಎರಡೂ ಕಿವಿಗೆ ಪ್ಲಗ್ ಹಾಕಿ, ಮಲಗಿ, ಇನ್ನೊಬ್ಬರಿಂದ ಟೆಸ್ಟ್ ಬಟನ್ ಒತ್ತಿಸಿ. ಜೋರಾಗಿ ಕೇಳಿಸದಿದ್ದರೆ ಆ ರಾತ್ರಿ ಒಂದು ಕಿವಿ ಖಾಲಿ ಬಿಡಿ.