ಆತೆಯ ಅಂಗಡಿಯ ಕಡ್ಡಿ ಲೆಕ್ಕ

ಈ ಅಂಗಡಿಗೆ ಹೆಸರಿಲ್ಲ. ನೀಲಿ ಟಾರ್ಪಾಲಿನ್ ಕೆಳಗೆ ಒಂದು ಇದ್ದಿಲ ಒಲೆ, ಎಣ್ಣೆ ಬಾಣಲೆಗಳು, ನಾಲ್ಕು ಪ್ಲಾಸ್ಟಿಕ್ ಸ್ಟೂಲು. ಹಿಂದೆ ಕಟ್ಟಿರುವ ಫ್ಲೆಕ್ಸ್‌ನಲ್ಲಿ ಯಾರೋ ಕೌನ್ಸಿಲರ್ ಹಳೇ ಹಬ್ಬಕ್ಕೆ ಶುಭಾಶಯ ಹೇಳುತ್ತಾ ಇನ್ನೂ ನಗುತ್ತಿದ್ದಾರೆ. ಫ್ಲೆಕ್ಸ್ ವಿಚಾರದಲ್ಲಿ ಮನಿಲಾ ನಮ್ಮ ಮಂಡ್ಯಕ್ಕೇನೂ ಕಮ್ಮಿಯಿಲ್ಲ.

ಜಾಗ ಫಿಲಿಪ್ಪೀನ್ಸ್‌ನ ರಾಜಧಾನಿ ಪ್ರದೇಶವಾದ ಮೆಟ್ರೊ ಮನಿಲಾದ ಪಾಸಿಗ್ ನಗರ. ಕಪಿತೋಲ್ಯೊ ಎಂಬ ಬಡಾವಣೆಯ ಒಂದು ಅಡ್ಡರಸ್ತೆ. ಓರ್ಟಿಗಾಸ್‌ನಲ್ಲಿರುವ ನಮ್ಮ ಆಫೀಸಿನಿಂದ ನಡೆದೇ ಹೋಗಬಹುದು. ಎಂಟು ತಿಂಗಳಿಂದ ವಾರಕ್ಕೆ ಮೂರು ಸಲವಾದರೂ ಅಲ್ಲಿ ನಿಂತು ತಿಂದಿದ್ದೇನೆ. ರಾತ್ರಿ ಪಾಳಿಯವನಿಗೆ ಸಂಜೆ ಐದು ಗಂಟೆ ಅಂದರೆ ಬೆಳಗಿನ ತಿಂಡಿ ಹೊತ್ತು. ಹಾಗಾಗಿ ನನ್ನ ತಿಂಡಿ ಕೋಳಿ ಕರುಳು.

ಹೌದು, ಕರುಳೇ. ಇಸಾವ್ ಅಂತಾರೆ. ಕರುಳನ್ನು ಒಳಹೊರಗು ತೊಳೆದು, ಮೊದಲು ಬೇಯಿಸಿ, ಆಮೇಲೆ ಬಿದಿರು ಕಡ್ಡಿಗೆ ಮಡಿಕೆ ಮಡಿಕೆಯಾಗಿ ಪೋಣಿಸಿ ಕೆಂಡದ ಮೇಲೆ ಸುಡುತ್ತಾರೆ. ನಮ್ಮ ಮನೆಯಲ್ಲಿ ಬೋಟಿ ಗೊಜ್ಜು ಮಾಡುವ ದಿನ ಅಮ್ಮ ಬೆಳಗ್ಗೆಯಿಂದ ಬಿಸಿನೀರು ಸುಣ್ಣ ಹಿಡಿದು ಕೂರುತ್ತಿದ್ದರು. ಆ ಕೆಲಸ ಎಷ್ಟು ಅಂತ ಗೊತ್ತಿರುವುದರಿಂದ ಇಸಾವ್ ತಿನ್ನುವಾಗ ನಾನು ಮೊದಲು ನೋಡುವುದು ಒಂದೇ. ಕಹಿ ಇದೆಯಾ, ವಾಸನೆ ಇದೆಯಾ. ಇಲ್ಲಿ ಎರಡೂ ಇಲ್ಲ. ಹೊರಗೆ ಸ್ವಲ್ಪ ಕರಕಲು, ಒಳಗೆ ಎಳೆದರೆ ಬರುವಷ್ಟು ಮೆತ್ತಗೆ. ಕಡ್ಡಿಗೆ 10 ಪೆಸೊ. ಒಂದು ಪೆಸೊ ಅಂದರೆ ಸುಮಾರು ಒಂದೂವರೆ ರೂಪಾಯಿ ಹಿಡಿಯಿರಿ.

ಪಕ್ಕದ ತಟ್ಟೆಯಲ್ಲಿ ಇರುವುದರ ಹೆಸರು ಕೇಳಿದರೆ ಹಳೇ ಎಲೆಕ್ಟ್ರಾನಿಕ್ಸ್ ಅಂಗಡಿಗೆ ಬಂದ ಹಾಗಿರುತ್ತದೆ. ಹೆಪ್ಪುಗಟ್ಟಿದ ರಕ್ತದ ಚೌಕ ತುಂಡುಗಳು 'ಬೆಟಾಮ್ಯಾಕ್ಸ್'. ಆ ಕಾಲದ ವಿಡಿಯೊ ಕ್ಯಾಸೆಟ್ ನೋಡಿದವರಿಗೆ ಯಾಕೆ ಅಂತ ಹೇಳಬೇಕಿಲ್ಲ. ಹಂದಿ ಕಿವಿ 'ವಾಕ್‌ಮನ್'. ಕೋಳಿ ತಲೆ 'ಹೆಲ್ಮೆಟ್'. ಕೋಳಿ ಕಾಲು 'ಅಡಿಡಾಸ್'. ಬೆಟಾಮ್ಯಾಕ್ಸ್ ನನಗೆ ಸಪ್ಪೆ. ಈರುಳ್ಳಿ, ಹಸಿಮೆಣಸಿನಕಾಯಿ, ತೆಂಗಿನತುರಿ ಹಾಕಿ ಹುರಿದ ರಕ್ತ ತಿಂದು ಬೆಳೆದವನಿಗೆ ಇದು ಸುಮ್ನೆ ಸುಟ್ಟ ರಬ್ಬರು. ಅಡಿಡಾಸ್ ಮಾತ್ರ ತಿನ್ನಲೇಬೇಕು. ಸೋಯಾ ಸಾಸ್, ಸಕ್ಕರೆಯಲ್ಲಿ ಬೇಯಿಸಿಟ್ಟ ಕಾಲನ್ನು ಸುಡುವಾಗ ಬಾಳೆಹಣ್ಣಿನ ಕೆಚಪ್ ಬಳಿಯುತ್ತಾರೆ. ತಮಾಷೆಯಲ್ಲ, ಈ ದೇಶದಲ್ಲಿ ಕೆಚಪ್ ಬಾಳೆಹಣ್ಣಿನದು. ಮರಿಯಾ ಒರೋಸಾ ಎಂಬ ಆಹಾರ ವಿಜ್ಞಾನಿ ಮಾಡಿ ತೋರಿಸಿದ್ದು. ಎರಡನೇ ಮಹಾಯುದ್ಧದ ಹೊತ್ತಿಗೆ ಟೊಮ್ಯಾಟೊ ಸಿಗದೆ ಹೋದಾಗ ಇದೇ ಜನಕ್ಕೆ ಅಭ್ಯಾಸವಾಯಿತು. ಸಿಹಿ ಜಾಸ್ತಿ. ಆದರೆ ಕೆಂಡದ ಮೇಲೆ ಅದು ಕರಗಿ ಅಂಟಿಕೊಳ್ಳುವ ರೀತಿಗೆ ಟೊಮ್ಯಾಟೊ ಸಮ ಬರುವುದಿಲ್ಲ.

ಇಷ್ಟಾದರೂ ಈ ಅಂಗಡಿಯ ನಿಜವಾದ ಸರಕು ಮಾಂಸವಲ್ಲ, ಸೂಕಾ. ಅಂದರೆ ವಿನೆಗರ್. ನಮ್ಮ ನಾಲಿಗೆಗೆ ಹುಳಿ ಅಂದರೆ ಹುಣಸೆ. ವಿನೆಗರ್ ಅಂದರೆ ಗೋಬಿ ಮಂಚೂರಿ ಗಾಡಿಯ ಬಾಟಲಿ, ಮೂಗಿಗೆ ಹೊಡೆಯುವ ನೀರು, ಅಲ್ವಾ? ನಾನೂ ಹಾಗೇ ಅಂದುಕೊಂಡಿದ್ದೆ. ಇಲ್ಲಿನದು ತೆಂಗಿನ ನೀರಾ ಹುಳಿ ಬರಿಸಿ ಮಾಡಿದ್ದು. ಅದಕ್ಕೆ ಹೆಚ್ಚಿದ ಕೆಂಪು ಈರುಳ್ಳಿ, ಜಜ್ಜಿದ ಬೆಳ್ಳುಳ್ಳಿ, ಸೌತೆಕಾಯಿ ಚೂರು, ಕಾಳುಮೆಣಸು, ಜೊತೆಗೆ ಸಿಲಿಂಗ್ ಲಬುಯೊ ಎಂಬ ಪುಟಾಣಿ ಮೆಣಸಿನಕಾಯಿ. ನೋಡಲು ನಮ್ಮ ಸೂಜಿಮೆಣಸಿನ ಹಾಗೆ, ಖಾರವೂ ಹಾಗೇ. ಬಿಸಿ ಇಸಾವ್ ಅದ್ದಿ ಬಾಯಿಗಿಟ್ಟರೆ ಕೊಬ್ಬಿನ ಜಿಡ್ಡು ಅಲ್ಲೇ ಕಳಚಿ ಬೀಳುತ್ತದೆ. ಮೂರನೇ ವಾರಕ್ಕೆ ಆ ಹುಳಿ ನೀರನ್ನು ಅನ್ನಕ್ಕೂ ಹಾಕಿಸಿಕೊಳ್ಳಲು ಶುರುಮಾಡಿದೆ. ನನ್ನ ಸಾರು ನಿಷ್ಠೆ ಇಷ್ಟೇನಾ ಅಂತ ನನಗೇ ನಾಚಿಕೆಯಾಯಿತು.

ಬಾಣಲೆ ಕಡೆಯದಕ್ಕೆ ಅಷ್ಟು ಒಳ್ಳೆ ಮಾತಿಲ್ಲ. ಕ್ವೆಕ್-ಕ್ವೆಕ್ ಅಂದರೆ ನಮ್ಮ ಮೊಟ್ಟೆ ಬೋಂಡಾದ ತಮ್ಮ. ಕ್ವೇಲ್ ಹಕ್ಕಿಯ ಸಣ್ಣ ಮೊಟ್ಟೆಗೆ ಕಿತ್ತಳೆ ಬಣ್ಣದ ಹಿಟ್ಟು. ನಾಲ್ಕಕ್ಕೆ 20 ಪೆಸೊ. ಕಣ್ಣೆದುರೇ ಕರಿದರೆ ಚೆನ್ನಾಗಿರುತ್ತದೆ. ಆದರೆ ಇವರು ಮೂರು ಗಂಟೆಗೇ ಕರಿದು ರಾಶಿ ಹಾಕಿ, ಕೇಳಿದವರಿಗೆ ಒಮ್ಮೆ ಎಣ್ಣೆಗೆ ಮುಳುಗಿಸಿ ಕೊಡುತ್ತಾರೆ. ಮೇಲೆ ಬಿಸಿ, ಒಳಗೆ ಮೊಟ್ಟೆ ತಣ್ಣಗೆ. ಎರಡು ಸಲ ಹೇಳಿದೆ, ಎರಡು ಸಲವೂ ನಕ್ಕರು. ಸಂಜೆ ಆರರ ಮೇಲೆ ಎಣ್ಣೆಯ ಬಣ್ಣವೂ ನೋಡುವ ಹಾಗಿರುವುದಿಲ್ಲ.

ಇನ್ನು ಆತೆ ವಿಚಾರ. ಅಂಗಡಿ ನಡೆಸುವ ಹೆಂಗಸನ್ನು ಎಲ್ಲರೂ 'ಆತೆ' ಅನ್ನುತ್ತಾರೆ. ಅಂದರೆ ಅಕ್ಕ. ಒಲೆ ಮುಂದೆ ಬೀಸಣಿಗೆ ಹಿಡಿದವನು 'ಕುಯಾ', ಅಣ್ಣ. ಶಾಲೆ ಮಕ್ಕಳು, ಟ್ರೈಸಿಕಲ್ (ಪಕ್ಕದಲ್ಲಿ ಗಾಡಿ ಕಟ್ಟಿದ ಬಾಡಿಗೆ ಬೈಕು) ಓಡಿಸುವವರು, ಕುತ್ತಿಗೆಗೆ ಐಡಿ ಕಾರ್ಡ್ ನೇತುಹಾಕಿಕೊಂಡ ಕಾಲ್ ಸೆಂಟರ್ ಹುಡುಗಿಯರು, ಎಲ್ಲರ ಬಾಯಲ್ಲೂ 'ಆತೆ, ಪಬಿಲಿ ಪೊ'. ಕೊಂಡುಕೊಳ್ಳುತ್ತೀನಿ ಅಕ್ಕಾ ಅಂತ. ಕೊನೆಯ 'ಪೊ' ನಮ್ಮ 'ರೀ' ಇದ್ದ ಹಾಗೆ. ಅದಿಲ್ಲದೆ ದೊಡ್ಡವರ ಹತ್ತಿರ ಮಾತಾಡಬಾರದು. ಒಂದು ಸಂಜೆ ಅಮ್ಮನಿಗೆ ವಿಡಿಯೊ ಕಾಲ್ ಮಾಡಿದ್ದಾಗ ನಾನು 'ಆತೆ, ಆತೆ' ಅಂತ ಕೂಗಿದ್ದು ಕೇಳಿಸಿದೆ. "ಯಾರಪ್ಪಾ ಅದು? ನಮಗೆ ಹೇಳದೆ ಕೇಳದೆ ಅತ್ತೆ ಮಾಡ್ಕೊಂಡ್ಯಾ?" ಅಂದರು. ಕ್ಯಾಮೆರಾ ತಿರುಗಿಸಿ ತೋರಿಸಿದ ಮೇಲೆಯೇ ಸಮಾಧಾನ.

ಆದರೆ ಮೊದಲ ಎರಡು ವಾರ ಆತೆ ನನಗೆ ಒಳ್ಳೆ ಮುಖವನ್ನೇ ತೋರಿಸಲಿಲ್ಲ. ಬೇರೆಯವರ ಜೊತೆ ಕಿಲಕಿಲ ನಗುವವರು ನಾನು ಬಂದರೆ ಮಾತು ನಿಲ್ಲಿಸುತ್ತಿದ್ದರು. ಕಾರಣ ಆಮೇಲೆ ಗೊತ್ತಾಯಿತು. ಇಲ್ಲಿ ಭಾರತದವರೆಲ್ಲ 'ಬುಂಬಾಯ್'. ಬಾಂಬೆಯಿಂದ ಹುಟ್ಟಿದ ಮಾತು. ಬುಂಬಾಯ್ ಅಂದರೆ ಸಣ್ಣ ವ್ಯಾಪಾರಿಗಳ ತಲೆಗೆ ಬರುವುದು ಬೈಕಿನಲ್ಲಿ ಬಂದು ಸಾಲ ಕೊಟ್ಟು, ದಿನಾ ವಸೂಲಿ ಮಾಡುವವರು. ಹೆಚ್ಚಾಗಿ ಪಂಜಾಬ್ ಮೂಲದವರು. ಆ ಸಾಲದ ಹೆಸರು 'ಫೈವ್-ಸಿಕ್ಸ್'. ಐದು ತಗೊಂಡರೆ ಆರು ವಾಪಸ್. ನಮ್ಮಲ್ಲಿ ಮೀಟರ್ ಬಡ್ಡಿ ಅಂತಾರಲ್ಲ, ಆ ಜಾತಿಯದು. ಬ್ಯಾಂಕು ಹತ್ತಿರ ಸೇರಿಸದ ಜನಕ್ಕೆ ಅದೇ ಬ್ಯಾಂಕು. ಗಡ್ಡ ಬಿಟ್ಟ ನಾನು ದಿನಾ ಐದಕ್ಕೆ ಸರಿಯಾಗಿ ಬಂದು ನಿಂತರೆ ಯಾರಿಗಾದರೂ ವಸೂಲಿಗೆ ಬಂದವನ ಹಾಗೇ ಕಾಣಬೇಕು. "ನಾನು ಬಡ್ಡಿ ಬುಂಬಾಯ್ ಅಲ್ಲ, ಕಂಪ್ಯೂಟರ್ ಬುಂಬಾಯ್" ಅಂತ ಸಹೋದ್ಯೋಗಿಯಿಂದ ಹೇಳಿಸಿದ ದಿನ ಆತೆ ಎರಡು ಇಸಾವ್ ಜಾಸ್ತಿ ಕೊಟ್ಟರು.

ಈಗ ನಾನು ಅವರ 'ಸುಕಿ'. ಮೈಸೂರು ಕಡೆ ವರ್ತನೆ ಹೂವಿನವರು, ವರ್ತನೆ ಹಾಲಿನವರು ಅಂತಾರಲ್ಲ, ಅದೇ. ಚೆಂದ ಏನೆಂದರೆ ಮಾರುವವರೂ ಸುಕಿ, ಕೊಳ್ಳುವವರೂ ಸುಕಿ. ಸುಕಿಯಾದರೆ ಕೇಳದೆಯೇ ಸೂಕಾಗೆ ಮೆಣಸಿನಕಾಯಿ ಜಾಸ್ತಿ ಬೀಳುತ್ತದೆ. ಚಿಲ್ಲರೆ ಇಲ್ಲದಿದ್ದರೆ ನಾಳೆ ಕೊಡು ಅಂತಾರೆ.

ನನ್ನ ಜೊತೆ ಕೆಲಸ ಮಾಡುವ ಉಡುಪಿ ಹುಡುಗ ಪೂರ್ತಿ ಸಸ್ಯಾಹಾರಿ. ಅವನು ಮೂರೂವರೆಗೇ ಬರುತ್ತಾನೆ. ಆಗ ಬೇರೆ ಬಾಣಲೆಯಲ್ಲಿ, ಹೊಸ ಎಣ್ಣೆಯಲ್ಲಿ ಬನಾನಾ ಕ್ಯೂ ಮಾಡುತ್ತಾರೆ. ಸಾಬಾ ಎಂಬ ಗಿಡ್ಡ, ದಪ್ಪ ಬಾಳೆಹಣ್ಣು. ಬಿಸಿ ಎಣ್ಣೆಗೇ ಸಕ್ಕರೆ ಸುರಿಯುತ್ತಾರೆ. ಅದು ಕರಗಿ ಹಣ್ಣಿಗೆ ಗಾಜಿನ ಹಾಗೆ ಮೆತ್ತಿಕೊಳ್ಳುತ್ತದೆ. ಗೆಣಸಿನದಾದರೆ ಕಮೋಟೆ ಕ್ಯೂ. ಬಾಳೆಹಣ್ಣಿನ ಜೊತೆ ಹಲಸಿನ ತೊಳೆಯ ಸೀಳು ಇಟ್ಟು ತೆಳು ಹಾಳೆಯಲ್ಲಿ ಸುತ್ತಿ ಕರಿದರೆ ತುರೋನ್. ಮೊದಲ ತುರೋನ್ ಕಚ್ಚಿದವನು ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ಆಮೇಲೆ, "ಸಕ್ಕರೆ ಬದಲು ಬೆಲ್ಲ ಹಾಕಿದ್ರೆ ಇದು ನಮ್ಮೂರಿಂದೇ ಮಾರಾಯ್ರೆ" ಅಂದ. ನಾಲ್ಕೂವರೆ ಮೇಲೆ ಹೋದರೆ ತುರೋನ್ ಖಾಲಿ. ಸಸ್ಯಾಹಾರಿಗಳಿಗೆ ಅಲ್ಲಿಂದಾಚೆ ಇಲ್ಲಿ ಗಾಳಿಯೇ ಗತಿ. ಹಂದಿ ಮಾಂಸ ತಿನ್ನದವರೂ ಗಮನಿಸಿ: ಕೋಳಿಗೂ ಹಂದಿಗೂ ಒಂದೇ ಒಲೆ, ಒಂದೇ ಇಕ್ಕಳ.

ದೂರು ಎರಡಿವೆ. ಒಂದು, ಸಂಬಳದ ದಿನ. ಇಲ್ಲಿ ತಿಂಗಳಿಗೆ ಎರಡು ಸಲ ಸಂಬಳ, 15ಕ್ಕೆ ಮತ್ತು 30ಕ್ಕೆ. ಆ ಸಂಜೆ ಮುಕ್ಕಾಲು ಗಂಟೆ ಕಾಯಬೇಕು. ಕುಯಾ ಅವಸರಕ್ಕೆ ಬೀಳುತ್ತಾನೆ. ಒಮ್ಮೆ ಹಂದಿ ಬಾರ್ಬೆಕ್ಯೂ ಮಧ್ಯದಲ್ಲಿ ಹಸಿಹಸಿಯಾಗಿತ್ತು. ತೋರಿಸಿದೆ, ಮಾತಿಲ್ಲದೆ ಬೇರೆ ಕಡ್ಡಿ ಕೊಟ್ಟ. ಇನ್ನೊಂದು, ಸಾಸ್ ಡಬ್ಬಿ. ಬಾಣಲೆ ಪಕ್ಕ ಮೂರು ದೊಡ್ಡ ಡಬ್ಬಿ: ಸಿಹಿ, ಖಾರ, ಸೂಕಾ. ಮೊದಲು ಎಲ್ಲರೂ ಅದಕ್ಕೇ ಅದ್ದುತ್ತಿದ್ದರು. ಕಚ್ಚಿದ್ದನ್ನು ಮತ್ತೆ ಅದ್ದುವವರೂ ಇದ್ದರು. ಎರಡನೇ ತಿಂಗಳಲ್ಲಿ ನನಗೆ ಎರಡು ದಿನ ಹೊಟ್ಟೆ ಕೆಟ್ಟಿತು. ಡಬ್ಬಿಯದೋ, ಗುಲಾಮನ್ ಎಂಬ ಜೆಲ್ಲಿ ಪಾನಕದ ಐಸಿನದೋ, ಯಾವುದರ ಮೇಲೆ ಹೇಳಲಿ? ಈಗ ಕಾಗದದ ಬಟ್ಟಲು ಇಟ್ಟಿದ್ದಾರೆ, ಸೌಟಿನಲ್ಲಿ ಬಡಿಸಿಕೊಳ್ಳಬೇಕು. ಆದರೂ ಕೆಲವರು ಬಟ್ಟಲು ನೋಡಿಯೂ ನೋಡದ ಹಾಗೆ ನೇರ ಅದ್ದುತ್ತಾರೆ. ಆತೆ ಗದರುವುದಿಲ್ಲ, ಗದರಬೇಕು.

2025ರ ಜೂನ್‌ನಿಂದ ನಮ್ಮವರಿಗೆ 14 ದಿನದವರೆಗೆ ವೀಸಾ ಬೇಡ ಅಂತಾದ ಮೇಲೆ ಊರಿಂದ ಗೆಳೆಯರು ಬರುತ್ತಲೇ ಇದ್ದಾರೆ. ಅವರಿಗೆ ಹೇಳುವುದನ್ನೇ ಇಲ್ಲೂ ಹೇಳುತ್ತೇನೆ. ಸಾವಿರ ಪೆಸೊ ನೋಟು ತೋರಿಸಬೇಡಿ, ಚಿಲ್ಲರೆ ತನ್ನಿ. ಜಿಕ್ಯಾಶ್ ಎಂಬ ಇಲ್ಲಿನ ಮೊಬೈಲ್ ಪಾವತಿ ಆ್ಯಪ್‌ನ ಕ್ಯೂಆರ್ ಇದೆ, ನಮ್ಮ ಯುಪಿಐ ಅಲ್ಲಿ ಓಡುವುದಿಲ್ಲ. ಜೋರು ಮಳೆ ಬಂದರೆ ಗಲ್ಲಿಯಲ್ಲಿ ಮೊಣಕಾಲುದ್ದ ನೀರು, ಅಂಗಡಿ ಇರುವುದಿಲ್ಲ. ರಾತ್ರಿ ಬುಟ್ಟಿ ಹಿಡಿದು "ಬಲೂ...ಟ್" ಅಂತ ಕೂಗಿಕೊಂಡು ಹೋಗುವವನು ಇವರ ಕಡೆಯವನಲ್ಲ. ಬಲುಟ್ ಅಂದರೆ ಒಳಗೆ ಮರಿ ಬೆಳೆಯುತ್ತಿರುವ ಬಾತುಕೋಳಿ ಮೊಟ್ಟೆ. ಒಮ್ಮೆ ತಿಂದೆ. ಒಳಗಿನ ರಸ ಒಳ್ಳೆ ಕಾಲು ಸೂಪಿನ ಹಾಗಿತ್ತು. ಉಳಿದದ್ದನ್ನು ಕಣ್ಣು ಮುಚ್ಚಿ ನುಂಗಿದೆ, ಅಷ್ಟು ಸಾಕು.

ಬಿಲ್ ಕೊಡುವ ಪದ್ಧತಿ ಮಾತ್ರ ಹೇಳಲೇಬೇಕು. ಸುಟ್ಟದ್ದಕ್ಕೆ ಖಾಲಿ ಕಡ್ಡಿಯೇ ಬಿಲ್. ತಿಂದು ಮುಗಿಸಿ ಕಡ್ಡಿ ಕೊಟ್ಟರೆ ಆತೆ ಎಣಿಸುತ್ತಾರೆ. ಫಿಶ್‌ಬಾಲ್‌ಗೆ, ಅಂದರೆ ಕರಿದ ಮೀನಿನ ಉಂಡೆಗೆ, ಅದೂ ಇಲ್ಲ. ಕಡ್ಡಿ ತಗೊಂಡು ಎಣ್ಣೆಯಲ್ಲಿ ತೇಲುವುದನ್ನು ನೀವೇ ಚುಚ್ಚಿಕೊಳ್ಳಬೇಕು, ಕೊನೆಗೆ ಎಷ್ಟು ತಿಂದಿರಿ ಅಂತ ನೀವೇ ಹೇಳಬೇಕು. ಒಂದಕ್ಕೆ 2 ಪೆಸೊ. ಯಾರೂ ನೋಡುತ್ತಿರುವುದಿಲ್ಲ. 20 ಪೆಸೊ ಹಿಡಿದು ಬರುವ ಶಾಲೆ ಹುಡುಗರೂ ಬೆರಳು ಮಡಿಸಿ ಎಣಿಸಿಯೇ ತಿನ್ನುತ್ತಾರೆ.

ಹೋದ ತಿಂಗಳು ಫೋನಿನಲ್ಲಿ ಮಾತಾಡುತ್ತಾ ತಿಂದೆ, ಹತ್ತು ಅಂತ ಹೇಳಿ ದುಡ್ಡು ಕೊಟ್ಟು ಬಂದೆ. ಲಿಫ್ಟ್ ಹತ್ತುವಾಗ ಹೊಳೆಯಿತು, ಅದಕ್ಕೂ ಮುಂಚೆ ಒಂದು ಕಡ್ಡಿ ಐದು ತಿಂದಿದ್ದೆ. ಮಾರನೇ ದಿನ ಹೋಗಿ, "ಆತೆ, ನಿನ್ನೆಯ ಐದು ಬಾಕಿ" ಅಂತ ಹತ್ತು ಪೆಸೊ ಚಾಚಿದೆ. ಆತೆ ತಗೊಳ್ಳಲಿಲ್ಲ. ಎಡಗೈಯ ಐದು ಬೆರಳು ತೋರಿಸಿದರು, ಆಮೇಲೆ ಬಲಗೈಯ ಹೆಬ್ಬೆರಳನ್ನೂ ಸೇರಿಸಿ ಆರು ಮಾಡಿದರು. "ಫೈವ್-ಸಿಕ್ಸ್, ಬುಂಬಾಯ್!"

ಸುತ್ತ ನಿಂತಿದ್ದ ಟ್ರೈಸಿಕಲ್‌ನವರೆಲ್ಲ ಗೊಳ್ಳೆಂದರು. ಹನ್ನೆರಡು ಪೆಸೊ ಕೊಟ್ಟೆ. ಆತೆ ಅದನ್ನು ಎರಡು ಸಲ ಎಣಿಸಿ ಡಬ್ಬಿಗೆ ಹಾಕಿಕೊಂಡರು.